ಉತ್ತರ ಹೇಳು

ಹುಣಿಸೇಕುಂಟೆಯ ಸರ್ಕಾರಿ ಹೈಸ್ಕೂಲಿಗೆ ಎರಡು ಕಂಪ್ಯೂಟರ್ ಬಂದದ್ದು ಎಂಬತ್ತಾರನೇ ಇಸವಿಯ ಆಷಾಢದಲ್ಲಿ. ಆಷಾಢದಲ್ಲಿ ಹೊಸ ಸೊಸೆಯನ್ನೇ ತವರಿಗೆ ಕಳಿಸುತ್ತಾರೆ, ಹೊಸ ಮಿಷಿನ್ನನ್ನು ಬಿಚ್ಚುವುದು ಹೇಗೆ ಎಂದು ನಮ್ಮ ಹೆಡ್ಮಾಸ್ಟರ್ ಶ್ರೀನಿವಾಸಪ್ಪನವರು ಪೆಟ್ಟಿಗೆಗಳನ್ನು ಶ್ರಾವಣದವರೆಗೆ ತಮ್ಮ ಕೊಠಡಿಯ ಮೂಲೆಯಲ್ಲೇ ಇರಿಸಿಕೊಂಡರು. ಶ್ರಾವಣದ ಮೊದಲ ಶುಕ್ರವಾರ ಸಾಮಾನು ಕೊಠಡಿಗೆ ಸುಣ್ಣ ಬಳಿದು, ಕಿಟಕಿಗೆ ಪರದೆ ಕಟ್ಟಿ, ಬಾಗಿಲಿಗೆ ಮಾವಿನೆಲೆ ಸಿಕ್ಕಿಸಿ, ಈಡುಗಾಯಿ ಒಡೆದು ಪೂಜೆಯಾಯಿತು. ಅರ್ಚಕರು ಉತ್ಸಾಹದಲ್ಲಿ ಎರಚಿದ ಅರಿಶಿನ ಕುಂಕುಮ ಗುಂಡಿಗಳ ಸಂದಿಗೆ ಇಳಿದು, ಒಂದು ಮಿಷಿನ್ನಿನ ಏಳರ ಗುಂಡಿ ಅವತ್ತಿನಿಂದ ಬಿಗಿಯಾಗಿಯೇ ಉಳಿಯಿತು. ಆ ಕೊಠಡಿಯೊಳಗೆ ಚಪ್ಪಲಿ ಹಾಕುವಂತಿಲ್ಲ ಎಂದು ಹೆಡ್ಮಾಸ್ಟರು ಬೋರ್ಡು ಬರೆಸಿದರು. ಮಕ್ಕಳಿಗೆ ಇದರಿಂದೇನೂ ತೊಂದರೆಯಾಗಲಿಲ್ಲ, ಮುಕ್ಕಾಲು ಪಾಲು ಮಕ್ಕಳಿಗೆ ಚಪ್ಪಲಿಯೇ ಇರಲಿಲ್ಲ.

ನಾನು ಆ ಸ್ಕೂಲಿನ ಕನ್ನಡ ಟೀಚರು, ಅಂಜನಮ್ಮ. ಹುಟ್ಟಿದ್ದು ತಿಪಟೂರು ಕಡೆ. ಯಜಮಾನರಿಗೆ ಕೆಜಿಎಫ್‌ನಲ್ಲಿ ಫ್ಯಾಕ್ಟರಿ ಕೆಲಸ, ಹಾಗಾಗಿ ಮನೆ ಅಲ್ಲೇ ಊರಿಗಾಂನಲ್ಲಿ. ಬೆಳಗ್ಗೆ ಎದ್ದು ಹಾಲಿನವಳ ಹತ್ತಿರ ತೆಲುಗು, ಪಕ್ಕದ ಮನೆಯವರ ಹತ್ತಿರ ತಮಿಳು ಆಡಿ, ಬಂಗಾರಪೇಟೆಗೆ ಒಂದು ಬಸ್ಸು, ಅಲ್ಲಿಂದ ಬೂದಿಕೋಟೆ ಕಡೆಗೆ ಇನ್ನೊಂದು ಬಸ್ಸು ಹಿಡಿದು ಸ್ಕೂಲು ಸೇರುವ ಹೊತ್ತಿಗೆ, ನನ್ನ ಪಾಲಿನ ಕನ್ನಡ ಆಡಲು ಬಾಯಿ ತುರಿಸುತ್ತಿರುತ್ತಿತ್ತು.

ಈ ಸೀಮೆಯ ಮಕ್ಕಳ ನಾಲಗೆಗೂ ಹಕಾರಕ್ಕೂ ಎಣ್ಣೆ ಸೀಗೆಕಾಯಿ. ಹಾಲು ಅನ್ನುವುದು ಆಲು, ಹೋಗು ಅನ್ನುವುದು ಓಗು, ಹೇಳು ಅನ್ನುವುದು ಯೇಳು. ಹದಿನಾಲ್ಕು ವರ್ಷಗಳಿಂದ ನಾನು ಅದರ ಬೆನ್ನು ಹತ್ತಿದ್ದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಹ’ ಅನ್ನಬೇಕು, ಕೈಗೆ ಬಿಸಿಯುಸಿರು ತಾಗಿದರೆ ಸರಿ, ಇಲ್ಲದಿದ್ದರೆ ಇನ್ನೊಂದು ಸಲ. ಮಕ್ಕಳು ನನ್ನ ಕ್ಲಾಸಿನಲ್ಲಿ ಕೈಗೆ ತಾಗಿಸಿ ಹಾ ಹಾ ಎಂದು ಹೇಳಿ, ಹೊರಗೆ ಹೋಗಿ ‘ಮೇಡಮ್ಮೋರು ಓದ್ರು’ ಎಂದು ಸಮಾಧಾನವಾಗಿ ಹಳೇ ದಾರಿಗೆ ಇಳಿಯುತ್ತಿದ್ದರು.

ಕಂಪ್ಯೂಟರ್ ಟ್ರೇನಿಂಗಿಗೆ ಪ್ರತಿ ಸ್ಕೂಲಿನಿಂದ ಇಬ್ಬರು ಬೆಂಗಳೂರಿಗೆ ಹೋಗಬೇಕಿತ್ತು. ನಾನೂ ಹೋಗಲೇ ಸಾರ್ ಎಂದು ಕೇಳಿದೆ. “ಕನ್ನಡಕ್ಕೂ ಕಂಪ್ಯೂಟ್ರುಗೂ ಏನಮ್ಮಾ ಸಂಬಂಧ?” ಎಂದು ಹೆಡ್ಮಾಸ್ಟರು ನಕ್ಕುಬಿಟ್ಟರು. ಸಿಟ್ಟು ಬಂತು. ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಅವರಿಗೆ ಅದು ಗೊತ್ತೇ ಆಗಲಿಲ್ಲ. ತಾವೂ ಲೆಕ್ಕದ ಮೇಷ್ಟ್ರು ವೆಂಕಟೇಶಪ್ಪನವರೂ ಹೊರಟರು. ಮೂರನೇ ದಿನಕ್ಕೆ ಹೆಡ್ಮಾಸ್ಟರಿಗೆ ಜ್ವರ ಬಂದು ವಾಪಸಾದರು. ಹತ್ತೂ ದಿನ ಪೂರೈಸಿದವರು ವೆಂಕಟೇಶಪ್ಪ ಒಬ್ಬರೇ.

ವೆಂಕಟೇಶಪ್ಪ ಅದೇ ಊರಿನವರು. ಬೆಳಗ್ಗೆ ಹಸು ಕರೆದು ಡೇರಿಗೆ ಹಾಲು ಹಾಕಿ ಸ್ಕೂಲಿಗೆ ಬರುವ ಮನುಷ್ಯ. ಮಿಷಿನ್ನುಗಳನ್ನು ಪಟ್ಟಣದ ಸ್ಕೂಲಿಗೆ ಕೊಡಬೇಕೆಂದು ಮೊದಲು ಆಗಿತ್ತಂತೆ. ಇವರು ರಜಾ ಹಾಕಿ ಹಾಕಿ ಆಫೀಸುಗಳ ಮೆಟ್ಟಿಲು ಹತ್ತಿ ಇಳಿದು, ‘ಟೌನಿನ ಮಕ್ಕಳು ನೋಡೋದನ್ನ ನಮ್ಮ ಮಕ್ಕಳು ಯಾಕೆ ನೋಡ್ಬಾರ್ದು ಸಾರ್’ ಎಂದು ಒಬ್ಬೊಬ್ಬರನ್ನೂ ಗೋಳುಹೊಯ್ದುಕೊಂಡು ಹುಣಿಸೇಕುಂಟೆಗೆ ತರಿಸಿದ್ದರು. ಅವರ ತಂದೆ ಮುನಿಸ್ವಾಮಪ್ಪ ಡೇರಿಯ ಸಾಲಿನಲ್ಲಿ ನಿಂತು, “ನಮ್ಮ ವೆಂಕಟೇಶನ ಮಿಷಿನ್ನು ಐತಲ್ಲಾ, ಅದು ಮನುಷ್ಯನ ತಲೇಗಿಂತ ಜೋರು” ಎಂದು ದಿನಾ ಒಬ್ಬರಿಗಾದರೂ ಹೇಳುತ್ತಿದ್ದರು. ಊರಿಗೆ ಊರೇ ಅದನ್ನು ವೆಂಕಟೇಶಪ್ಪನ ಮಿಷಿನ್ನು ಎಂದೇ ಕರೆಯಿತು.

ಪಾಠ ಬರುತ್ತಿದ್ದದ್ದು ಕ್ಯಾಸೆಟ್ಟಿನಲ್ಲಿ. ಮಿಷಿನ್ನಿಗೆ ಜೋಡಿಸಿದ ಮಾಮೂಲಿ ಟೇಪ್ ರೆಕಾರ್ಡರಿಗೆ ಹಾಕಿ ತಿರುಗಿಸಿದರೆ ಐದು ನಿಮಿಷ ಕೀರ್ರ್ ಎಂದು ಕಿವಿಗೆ ಗರಗಸ ಹಾಕಿ, ಆಮೇಲೆ ಮಿಷಿನ್ನಿನ ಟೀವಿಯ ಮೇಲೆ ಒಂದು ರೈಲು ಬರುತ್ತಿತ್ತು. ಕೆಳಗೆ ಒಂದು ಲೆಕ್ಕ. ಉತ್ತರ ಸರಿಯಾದರೆ ರೈಲು ಒಂದು ಸ್ಟೇಷನ್ ಮುಂದಕ್ಕೆ. ತಪ್ಪಾದರೆ ಪೀಂ ಎಂದು ಒಂದು ಸದ್ದು, ಇಂಗ್ಲಿಷಿನಲ್ಲಿ ಒಂದು ಸಾಲು. ಇಡೀ ಪಾಠವೇ ಇಂಗ್ಲಿಷಿನಲ್ಲಿತ್ತು. ನಮ್ಮ ಎಂಟನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ಗೊತ್ತಿತ್ತು, ಕೂಡಿಸಿ ಓದುವಷ್ಟೂ ಬರುತ್ತಿತ್ತು, ಅರ್ಥ ಮಾತ್ರ ದೇವರಿಗೇ ಪ್ರೀತಿ.

ಆದರೂ ರೈಲು ಜೋರಾಗಿ ಓಡುತ್ತಿತ್ತು. ನಾನು ನನ್ನ ಬಿಡುವಿನ ಪೀರಿಯಡ್ಡಿನಲ್ಲಿ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ವೆಂಕಟೇಶಪ್ಪ ಮಕ್ಕಳ ಬೆನ್ನ ಹಿಂದೆ ಬೆತ್ತ ಹಿಡಿದು ನಿಂತು, ಪರದೆಯ ಮೇಲೆ ಲೆಕ್ಕ ಬಿದ್ದ ಕೂಡಲೇ ಬಾಯಲ್ಲೇ ಉತ್ತರ ತೆಗೆದು, “ಐವತ್ತಾರು. ಐದು ಅಮುಕು, ಆರು ಅಮುಕು. ಈಗ ದೊಡ್ಡ ಗುಂಡಿ. ಉಂ, ನೆಕ್ಸ್ಟು ಬಾರ್ಲಾ” ಎನ್ನುತ್ತಿದ್ದರು. ಮಕ್ಕಳು ಅಮುಕುತ್ತಿದ್ದರು. ರೈಲು ಒಂದು ದಿನವೂ ಲೇಟಾಗಲಿಲ್ಲ. ಹೆಡ್ಮಾಸ್ಟರು ತಿಂಗಳ ವರದಿಯಲ್ಲಿ ‘ಮಕ್ಕಳು ನೂರಕ್ಕೆ ನೂರು’ ಎಂದು ಬರೆದರು.

ಡಿಸೆಂಬರಿನಲ್ಲಿ ಒಂದು ಕಾಗದ ಬಂತು. ಬೆಂಗಳೂರಿನ ಅಧಿಕಾರಿಯೊಬ್ಬರೂ ದಿಲ್ಲಿಯಿಂದ ಒಬ್ಬ ಮೇಡಮ್ಮೂ ಬರುತ್ತಾರೆ, ಮಕ್ಕಳು ಪಾಠ ಬಳಸುವುದನ್ನು ನೋಡುತ್ತಾರೆ, ಸಮರ್ಪಕವಾಗಿ ಬಳಸದ ಶಾಲೆಗಳಿಂದ ಯಂತ್ರಗಳನ್ನು ಹಿಂದಕ್ಕೆ ಪಡೆದು ಪಟ್ಟಣದ ಬೇರೆ ಶಾಲೆಗೆ ಕೊಡಲಾಗುವುದು. ಹೆಡ್ಮಾಸ್ಟರು ಅದನ್ನು ಓದಿದ್ದೇ ತಡ, ಬರುವವರು ಬಂದು ನೋಡುವ ತನಕ ಮಕ್ಕಳು ಯಾರೂ ಮಿಷಿನ್ನು ಮುಟ್ಟಬಾರದು, ಕೆಟ್ಟುಹೋದರೆ ಯಾರು ಹೊಣೆ ಎಂದು ಕೊಠಡಿಗೆ ಬೀಗ ಜಡಿದು ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು.

ಅವತ್ತು ಸಂಜೆ ವೆಂಕಟೇಶಪ್ಪ ಬೂಸಾ ತರಲು ನನ್ನ ಜೊತೆಯಲ್ಲೇ ಬಂಗಾರಪೇಟೆ ಬಸ್ಸು ಹತ್ತಿದರು. ಬಸ್ಸಿನ ಗಡಗಡ ಶಬ್ದದಲ್ಲಿ ಪಕ್ಕದವರ ಮಾತು ಪಕ್ಕದವರಿಗೇ ಕೇಳುವುದಿಲ್ಲ, ಅದಕ್ಕೇ ಧೈರ್ಯ ಬಂತೋ ಏನೋ.

“ಮೇಡಂ, ನಿಮ್ಮತ್ರ ಒಂದು ಮಾತು. ನನಗೆ ಆ ಮಿಷಿನ್ನು ಬರಾಕಿಲ್ಲ.”

ನನಗೆ ಅರ್ಥವಾಗಲಿಲ್ಲ. “ಬರಾಕಿಲ್ಲ ಅಂದ್ರೆ?”

“ಬರಾಕಿಲ್ಲ ಅಂದ್ರೆ ಬರಾಕಿಲ್ಲ. ಟ್ರೇನಿಂಗಲ್ಲಿ ಒಂದು ಮಿಷಿನ್ನುಗೆ ಒಂಬತ್ತು ಜನ. ಮುಂದೆ ಕೂತಿದ್ದೋರೆಲ್ಲಾ ಬೆಂಗಳೂರೋರು. ನಾನು ಇಂದೆ ನಿಂತು ಅವರ ಬೋಳುತಲೆ ನೋಡಿದ್ದೇ ಬಂತು. ಯೇಳೋದೆಲ್ಲಾ ಇಂಗ್ಲಿಷಲ್ಲಿ. ಕೇಳಾಕೆ ನಾಚಿಕೆ. ಅವರು ಬೋರ್ಡಿನ ಮೇಲೆ ಬರೆದಿದ್ದನ್ನ ಅಂಗಂಗೇ ನೋಟ್ಸು ಬರ್ಕೊಂಡು ಬಂದೆ. ಆನ್ ಮಾಡೋದು ಬತ್ತೈತೆ, ಕ್ಯಾಸೆಟ್ಟು ಆಕೋದು ಬತ್ತೈತೆ. ಪಾಠದಿಂದ ಮಕ್ಕಳಿಗೆ ಏನ್ ಉಪಯೋಗ ಅಂತ ಯಾರಾನ ಕೇಳಿದ್ರೆ ನನ್ನತ್ರ ಉತ್ತರ ಇಲ್ಲ. ನಾನು ಬಾಯಿ ಮುಚ್ಕೊಂಡ್ರೆ ರೈಲು ನಿಂತೋಗ್ತದೆ ಮೇಡಂ. ಅವ್ರು ಬಂದ ದಿನ ಬಾಯಿ ಮುಚ್ಕೊಂಡೇ ಇರ್ಬೇಕಲ್ಲಾ.”

ಕಿಟಕಿಯ ಕಡೆ ತಿರುಗಿ, “ಮಿಷಿನ್ನು ಓದ್ರೆ ಊರಲ್ಲಿ ಎಂಗ್ ಮುಖ ಎತ್ಕೊಂಡು ತಿರುಗ್ಲಿ?” ಎಂದರು. ಆ ಮುಖ ನೋಡಿ ನನಗೆ ಸಂಕಟವಾಯಿತು. ನಿಜ ಹೇಳಬೇಕೆಂದರೆ, ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು. ಟ್ರೇನಿಂಗಿಗೆ ಹೋಗಿ ಬಂದವರೂ ಬಾಗಿಲಲ್ಲಿ ನಿಂತ ನನ್ನ ಹಾಗೇ ಎಂದು ತಿಳಿದ ಖುಷಿ ಅದು. ಕೆಟ್ಟ ಬುದ್ಧಿ, ಒಪ್ಪಿಕೊಳ್ಳುತ್ತೇನೆ.

“ಅದು ಕನ್ನಡದಲ್ಲಿ ಮಾತಾಡಿದರೆ ಮಕ್ಕಳೇ ಓದಿಕೊಳ್ತಾರಲ್ಲ?” ಎಂದೆ.

“ಅದರಲ್ಲಿ ಕನ್ನಡ ಅಕ್ಷರ ಇಲ್ಲ ಮೇಡಂ.”

“ಅಕ್ಷರ ಇಂಗ್ಲಿಷಿನದೇ ಇರಲಿ. ಮಾತು ಕನ್ನಡದ್ದು ಮಾಡೋಕೆ ಬರುತ್ತಾ?”

ವೆಂಕಟೇಶಪ್ಪ ಚೀಲದಿಂದ ನೋಟ್ಸು ತೆಗೆದರು. ಬಂಗಾರಪೇಟೆ ಬರುವಷ್ಟರಲ್ಲಿ ಹುಡುಕಿಯೂಬಿಟ್ಟರು. ಪಾಠದ ಹೊಟ್ಟೆಯೊಳಗಿನ ಸಾಲುಗಳನ್ನು ಪರದೆಯ ಮೇಲೆ ತರಿಸಬಹುದು, ಪ್ರತಿ ಸಾಲಿಗೂ ಒಂದು ನಂಬರ್ ಇರುತ್ತದೆ, ಅದೇ ನಂಬರ್ ಹಾಕಿ ಹೊಸ ಸಾಲು ಬರೆದರೆ ಹಳೆಯದು ಹೋಗಿ ಹೊಸದು ಕೂರುತ್ತದೆ. ಟ್ರೇನಿಂಗಿನ ಎಂಟನೇ ದಿನ ಬರೆದುಕೊಂಡದ್ದು. ಬರೆದುಕೊಳ್ಳುವಾಗ ಅದು ಏನೆಂದು ಅವರಿಗೇ ತಿಳಿದಿರಲಿಲ್ಲ. ಆವತ್ತು ಬೂಸಾ ಮರೆತು ಖಾಲಿ ಕ್ಯಾಸೆಟ್ಟು ಕೊಂಡು ಊರಿಗೆ ಹೋದರು.

ಮಾರನೆಯ ದಿನದಿಂದ ಹೆಡ್ಮಾಸ್ಟರನ್ನು ಕಾಡಿಬೇಡಿ ಊಟದ ಬಿಡುವಿಗೆ ಕೀಲಿಕೈ ಪಡೆದು ಇಬ್ಬರೂ ಕೂತೆವು. ‘ಸಾಯೇಬರು ಬರೋಕೆ ಮುಂಚೆ ಪಾಠಕ್ಕೆ ಸ್ವಲ್ಪ ಎಣ್ಣೆ ಬಿಡ್ಬೇಕು ಸಾರ್’ ಎಂದು ವೆಂಕಟೇಶಪ್ಪ ಹೇಳಿದ್ದನ್ನು ಅವರು ಅಕ್ಷರಶಃ ನಂಬಿ, ‘ಜಾಸ್ತಿ ಬಿಡಬೇಡ’ ಎಂದು ಎಚ್ಚರಿಸಿದರು. ನಾನು ಮೊದಲ ಸಲ ಆ ಗುಂಡಿಗಳನ್ನು ಮುಟ್ಟಿದೆ. ಎ ಅಕ್ಷರದ ಗುಂಡಿ ಒತ್ತಿದರೆ ಟೀವಿಯ ಮೇಲೆ ಪಟ್ಟೆಂದು ಬಂತು. ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಇಷ್ಟು ಸಂತೋಷ ಬಾಕಿ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಕೆಲಸ ನೋಡಿದಷ್ಟು ಸುಲಭವಾಗಿರಲಿಲ್ಲ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಒಂದೊಂದು ಪದಕ್ಕೂ ಎರಡೆರಡು ಮುಖ. ‘ಉದ್ದ ಗುಂಡಿ ಒತ್ತು’ ಎಂದು ಬರೆಸಿದೆ, ಪರದೆಯ ಮೇಲೆ OTTU ಎಂದು ಬಂತು. ನೋಡಿದರೆ ಒತ್ತು ಎಂದೂ ಓದಬಹುದು, ಒಟ್ಟು ಎಂದೂ ಓದಬಹುದು. ಲೆಕ್ಕದ ಪಾಠದಲ್ಲಿ ಒಟ್ಟು ಎಂದು ಕಂಡರೆ ಮಕ್ಕಳು ಕೂಡುತ್ತಾ ಕೂರುತ್ತಾರೆ. ಅರ್ಧ ಗಂಟೆ ವಾದವಾಗಿ ಕೊನೆಗೆ ವೆಂಕಟೇಶಪ್ಪನ ‘ಅಮುಕು’ ಗೆದ್ದಿತು. ತಪ್ಪು ಉತ್ತರಕ್ಕೆ ಬರುತ್ತಿದ್ದ ಇಂಗ್ಲಿಷ್ ಸಾಲನ್ನು ತೆಗೆದು TAPPU, INNOMME MADU ಎಂದು ಹಾಕಿದೆವು. ಇನ್ನು ಉಳಿದದ್ದು ಪ್ರತಿ ಲೆಕ್ಕದ ಕೆಳಗೂ ಬರುವ ಸಾಲು, ಉತ್ತರ ಹೇಳು.

“ಯೇಳು ಅಂತಲೇ ಆಕೋಣ ಮೇಡಂ. ವೈ, ಇ, ಎಲ್, ಯು. ಮಕ್ಕಳಿಗೆ ಬೇಗ ಗೊತ್ತಾಗ್ತದೆ” ಎಂದರು ವೆಂಕಟೇಶಪ್ಪ.

ನಾನು ಉರಿದುಬಿದ್ದೆ. “ಏಳು ಅಂದರೆ ಆರಾದ ಮೇಲಿನ ಏಳೂ ಆಗುತ್ತೆ, ಎದ್ದೇಳೂ ಆಗುತ್ತೆ. ಸಾಹೇಬರ ಮುಂದೆ ಮಕ್ಕಳೆಲ್ಲ ಎದ್ದು ನಿಂತುಬಿಟ್ಟರೆ? ನಾನು ಹದಿನಾಲ್ಕು ವರ್ಷದಿಂದ ಹ ಹ ಅಂತ ಬಾಯಿ ಬಡ್ಕೊಂಡಿದ್ದೀನಿ, ಸರ್ಕಾರದ ಮಿಷಿನ್ನಲ್ಲಿ ಹಕಾರ ಬಿಡೋಕೆ ನಾನು ಒಪ್ಪಲ್ಲ. ಹೆಚ್ ಹಾಕಿ.”

ಅವರು ಹೆಚ್ ಹಾಕಿದರು. UTTARA HELU. ನನಗೆ ಅದು ಬಹಳ ಚೆನ್ನಾಗಿ ಕಂಡಿತು. ಮಕ್ಕಳನ್ನು ಕರೆದು ಒಮ್ಮೆ ಓದಿಸಿ ನೋಡೋಣವೆಂದರೆ ಹೆಡ್ಮಾಸ್ಟರು ಬಿಲ್ಕುಲ್ ಒಪ್ಪಲಿಲ್ಲ. ಒತ್ತು ಒಟ್ಟುವಿನ ಗಂಡಾಂತರ ತಪ್ಪಿಸಿದ ಹೆಮ್ಮೆಯಲ್ಲಿ ನಾನೂ ಹೆಚ್ಚು ಒತ್ತಾಯಿಸಲಿಲ್ಲ.

ಮುಂದಿನ ವಾರ, ಗುರುವಾರ ಜೀಪು ಬಂತು. ಬೆಂಗಳೂರಿನ ಅಧಿಕಾರಿ ಜಯರಾಮಪ್ಪನವರು ಕನ್ನಡಕದ ಮೇಲಿಂದ ನೋಡುವ ಮನುಷ್ಯ, ಬಗಲಲ್ಲಿ ದಪ್ಪ ಫೈಲು. ದಿಲ್ಲಿಯ ಮೇಡಂ ಖಾದಿ ಸೀರೆ ಉಟ್ಟು, ಬಾಗಿಲಲ್ಲಿ ಯಾರೂ ಹೇಳದೆಯೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಅವರಿಗೆ ಕನ್ನಡದ ಗಂಧವಿರಲಿಲ್ಲ. ಅವರೇಕಾಯಿ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಕೊಠಡಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಎಂಟನೇ ಕ್ಲಾಸಿನ ಮಕ್ಕಳು ಬೆಂಚುಗಳ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದರು. ವೆಂಕಟೇಶಪ್ಪ ಬೆತ್ತವಿಲ್ಲದೆ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಗೋಡೆಗೆ ಒರಗಿ ನಿಂತರು. ನಾನು ಅವರ ಪಕ್ಕದಲ್ಲಿ ನಿಂತೆ.

“ಯಾರಾದರೂ ಒಬ್ಬರು ಬನ್ನಿ. ಪರದೆ ಮೇಲೆ ಏನಿದೆಯೋ ಗಟ್ಟಿಯಾಗಿ ಓದಿ, ಲೆಕ್ಕ ಮಾಡಿ. ಮೇಷ್ಟ್ರು ಮಾತಾಡಬಾರದು” ಎಂದರು ಜಯರಾಮಪ್ಪ.

ಚಿಕ್ಕವೆಂಕಟಮ್ಮ ಬಂದಳು. ಲಂಗ ಸರಿಮಾಡಿಕೊಂಡು ಕೂತಳು. ಲೆಕ್ಕದಲ್ಲಿ ಚುರುಕು, ಓದುವುದರಲ್ಲಿ ನಿಧಾನ, ಆದರೆ ಹೇಳಿದ ಮಾತನ್ನು ಶ್ರದ್ಧೆಯಿಂದ ಪಾಲಿಸುವ ಹುಡುಗಿ. ಕ್ಯಾಸೆಟ್ಟು ಕೀರಿ ಮುಗಿದು ರೈಲು ಬಂತು. ಮೂವತ್ತಾರು ಕೂಡಿಸು ನಲವತ್ತೆಂಟು. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. “ಉ... ಉತ್ತ... ಉತ್ತರ.” ನನ್ನ ಎದೆಯುಬ್ಬಿತು. ಮುಂದೆ ಹೆಚ್ ಅಕ್ಷರ. ನಾನು ಕೋಣೆಯಲ್ಲಿರುವುದನ್ನು ನೆನಪಿಸಿಕೊಂಡಳೆಂದು ಕಾಣುತ್ತದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಬಿಸಿಯುಸಿರು ಬಿಟ್ಟು, ನಮ್ಮ ಸ್ಕೂಲಿನ ಚರಿತ್ರೆಯಲ್ಲೇ ಯಾರೂ ಉಚ್ಚರಿಸದಷ್ಟು ಅಚ್ಚುಕಟ್ಟಾಗಿ ಹಕಾರ ಉಚ್ಚರಿಸಿದಳು. ಎಲ್ ಅಕ್ಷರಕ್ಕೆ ಇಂಗ್ಲಿಷ್ ಕ್ಲಾಸಿನಲ್ಲಿ ಕಲಿತದ್ದು ಲಕಾರ. ಅದನ್ನೂ ತಪ್ಪದೆ ಸೇರಿಸಿದಳು.

“ಉತ್ತರ ಹೇಲು.”

ಹಿಂದಿನ ಬೆಂಚಿನಿಂದ ಪುಸ್ಸೆಂದು ಒಂದು ನಗೆ ಹೊರಟಿತು. ಮರುಕ್ಷಣ ನಲವತ್ತು ಮಕ್ಕಳೂ ಬಿದ್ದು ಬಿದ್ದು ನಕ್ಕರು. ಒಬ್ಬ ಬೆಂಚಿನ ಕೆಳಗೇ ಹೋದ. ತಾನು ಓದಿದ್ದೇನು ಎಂದು ಚಿಕ್ಕವೆಂಕಟಮ್ಮನಿಗೆ ಹೊಳೆದದ್ದು ಆಗಲೇ, ಲಂಗದಲ್ಲಿ ಮುಖ ಮುಚ್ಚಿಕೊಂಡಳು. ಹೆಡ್ಮಾಸ್ಟರು ದೇವರ ಪಟಕ್ಕೆ ಕೈಮುಗಿದದ್ದನ್ನು ನಾನು ಕಣ್ಣಾರೆ ನೋಡಿದೆ. ನನಗೋ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಕನ್ನಡ ಟೀಚರು ನಾನು. ಹೇಳಿ ಹೇಳಿ ಹೆಚ್ ಹಾಕಿಸಿದವಳು ನಾನು.

ದಿಲ್ಲಿಯ ಮೇಡಂ ನಗುತ್ತಾ, ಏನಂತೆ, ಏನು ಬರೆದಿದೆ ಎಂದು ಇಂಗ್ಲಿಷಿನಲ್ಲಿ ಎಲ್ಲರನ್ನೂ ಕೇಳಿದರು. ಹೆಡ್ಮಾಸ್ಟರು ಜಯರಾಮಪ್ಪನವರ ಮುಖ ನೋಡಿದರು, ಜಯರಾಮಪ್ಪನವರು ಸೂರು ನೋಡಿದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೂ ಇರಲಿಲ್ಲ. ಕೊನೆಗೆ ಜಯರಾಮಪ್ಪನವರೇ ಸ್ಪೆಲ್ಲಿಂಗ್ ಮಿಸ್ಟೇಕು ಎಂದು ತೇಲಿಸಿ, ನಮ್ಮ ಕಡೆ ತಿರುಗಿ ದನಿ ಗಟ್ಟಿ ಮಾಡಿದರು.

“ದಿಲ್ಲಿಯಿಂದ ಬಂದ ಪಾಠಾನ ತಿದ್ದೋಕೆ ನಿಮಗೆ ಅಧಿಕಾರ ಕೊಟ್ಟೋರು ಯಾರ್ರೀ? ಇದೇನು ಮಕ್ಕಳಾಟಿಕೆ ಅಂದ್ಕೊಂಡ್ರಾ? ತೆಗೀರಿ ಇದನ್ನ. ಅಸಲು ಕ್ಯಾಸೆಟ್ಟು ಹಾಕಿ.” ಫೈಲಿನಲ್ಲಿ ಏನೋ ಬರೆದರು. ವೆಂಕಟೇಶಪ್ಪನ ಮುಖ ಸುಣ್ಣದ ಗೋಡೆಯ ಬಣ್ಣಕ್ಕೆ ಬಂತು. ಮಿಷಿನ್ನು ಹೋದ ಹಾಗೆಯೇ ಎಂದುಕೊಂಡೆ, ಅದೂ ನನ್ನಿಂದ.

ಅಸಲು ಪಾಠ ಬಂತು. ಅದೇ ರೈಲು, ಅದೇ ಲೆಕ್ಕ. ಚಿಕ್ಕವೆಂಕಟಮ್ಮ ಕಣ್ಣೊರೆಸಿಕೊಂಡು ಮತ್ತೆ ಕೂತಳು. ಗಾಬರಿಯಲ್ಲಿ ದಶಕ ಎತ್ತಿಕೊಳ್ಳುವುದನ್ನು ಮರೆತು ಎಪ್ಪತ್ತನಾಲ್ಕು ಒತ್ತಿದಳು. ಪೀಂ ಎಂದಿತು. SORRY. TRY AGAIN.

ಅವಳು ಮತ್ತೆ ಎಪ್ಪತ್ತನಾಲ್ಕು ಒತ್ತಿದಳು. ಪೀಂ. ಪಾಪ, ಕುಂಕುಮ ತಿಂದ ಏಳು ನೆಟ್ಟಗೆ ಬಿದ್ದಿಲ್ಲವೇನೋ ಎಂದು ಈ ಸಲ ಬಲವಾಗಿ, ನಿಧಾನವಾಗಿ, ಒಂದೊಂದೇ ಗುಂಡಿ ಗಮನಿಸಿ ಎಪ್ಪತ್ತನಾಲ್ಕು ಒತ್ತಿದಳು. ಪೀಂ. ನಾಲ್ಕನೇ ಸಲಕ್ಕೆ ದಿಲ್ಲಿಯ ಮೇಡಂ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಯಾಕಮ್ಮಾ ಅದನ್ನೇ ಒತ್ತುತಾ ಇದೀಯ?” ಎಂದರು ಜಯರಾಮಪ್ಪ. “ಹೆದರಬೇಡ, ಹೇಳು.”

“ಅದೇ ತಪ್ಪಾಯ್ತು ಅಂತೈತಲ್ಲಾ ಸಾರ್.”

“ಯಾವುದು?”

“ಮಿಷಿನ್ನು ಸಾರ್. ಸಾರಿ ಅಂತ ಆಕೈತಲ್ಲಾ. ತಪ್ಪು ಮಾಡಿದೋರು ತಾನೇ ಸಾರಿ ಕೇಳೋದು? ಅದುಕ್ಕೆ ನೆಟ್ಟಗೆ ಕಾಣಿಸ್ನಿಲ್ಲ ಅಂತ ಇನ್ನೊಂದು ಸಲ ಕೊಟ್ಟೆ.”

ನಗು ಬರುತ್ತದೆಂದು ನಾನು ಮಕ್ಕಳ ಕಡೆ ನೋಡಿದೆ. ಒಬ್ಬರೂ ನಗಲಿಲ್ಲ. ಇದರಲ್ಲಿ ನಗುವಂಥದ್ದೇನಿದೆ ಎಂಬಂತೆ ಕೂತಿದ್ದರು. ಜಯರಾಮಪ್ಪ ಒಬ್ಬೊಬ್ಬರನ್ನೇ ಕೇಳಿದರು. ಎಲ್ಲರೂ ಅದನ್ನೇ ಹೇಳಿದರು. ನಾಲ್ಕು ತಿಂಗಳಿಂದ ಆ ನಲವತ್ತು ಮಕ್ಕಳ ಕಣ್ಣಿಗೆ, ಮೇಷ್ಟ್ರು ಅತ್ತಿತ್ತ ತಿರುಗಿದಾಗಲೆಲ್ಲ ಆ ಮಿಷಿನ್ನು ಕ್ಷಮೆ ಕೇಳುತ್ತಲೇ ಇತ್ತು. ಅವರೂ ದೊಡ್ಡ ಮನಸ್ಸು ಮಾಡಿ ಕ್ಷಮಿಸುತ್ತಲೇ ಇದ್ದರು.

ವೆಂಕಟೇಶಪ್ಪ ಗೋಡೆ ಬಿಟ್ಟು ಮುಂದೆ ಬಂದರು. “ಸಾರ್, ಇದು ನಂಗೆ ಗೊತ್ತಿರ್ಲಿಲ್ಲ” ಎಂದರು. “ಗೊತ್ತಾಗೋದಾದ್ರೂ ಎಂಗೆ? ಇವ್ರು ಯೋಚನೆ ಮಾಡೋಕೆ ಮುಂಚೆ ನಾನೇ ಉತ್ತರ ಯೇಳಿಬಿಡ್ತಿದ್ದೆ. ಮಕ್ಕಳು ತಪ್ಪು ಮಾಡಿದ್ರೆ ನನಗೆ ಮಿಷಿನ್ನು ಬರಾಕಿಲ್ಲ ಅಂತ ಗೊತ್ತಾಗ್ತದೆ ಅಂತ ಭಯ ಸಾರ್. ನಿಜವಾಗ್ಲೂ ನಂಗೆ ಬರಾಕಿಲ್ಲ. ಟ್ರೇನಿಂಗಲ್ಲಿ ನಂಗೆ ಒಂದಕ್ಷರ ಅರ್ಥ ಆಗ್ಲಿಲ್ಲ. ತಗೊಂಡೋಗಂಗಿದ್ರೆ ತಗೊಂಡೋಗಿ. ಮಕ್ಕಳು ದಡ್ಡರು ಅಂತ ಮಾತ್ರ ಬರೀಬೇಡಿ.”

ತನ್ನ ಊರಿನ ಮಕ್ಕಳ ಮುಂದೆ, ನಾಳೆ ಅವರ ಮನೆಮನೆಗೂ ಮುಟ್ಟುವ ಮಾತನ್ನು ಆ ಮನುಷ್ಯ ಆಡಿದ್ದು ಹಾಗೆ. ನನಗೆ ಅಳು ಬಂತು. ಅಳುತ್ತಲೇ, “ಆ ಕೆಟ್ಟ ಪದ ಬರೆಸಿದ್ದು ನಾನು ಸಾರ್. ಅವರು ಯೇಳು ಅಂತ ಹಾಕೋಣ ಅಂದರು, ನಾನೇ ಬೇಡ ಅಂದೆ” ಎಂದೆ. ಅದು ಯಾಕೋ ಆ ಹೊತ್ತಿನಲ್ಲಿ ಬಹಳ ಮುಖ್ಯವಾದ ವಿಚಾರ ಅನಿಸಿತ್ತು.

ಜಯರಾಮಪ್ಪನವರು ನಮ್ಮಿಬ್ಬರ ಕಡೆಗೂ ನೋಡಲಿಲ್ಲ. ಫೈಲು ತೆರೆದು ಹಿಂದಿನ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. “ಹದಿನೇಳು ಸ್ಕೂಲು ನೋಡಿಬಂದೆ” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. “ಎಲ್ಲಾ ಕಡೆ ರೈಲು ಓಡ್ತಾ ಇತ್ತು. ಎಲ್ಲಾ ಕಡೆ ಮೇಷ್ಟ್ರು ಬೆನ್ನ ಹಿಂದೆ ನಿಂತಿದ್ದರು. ಬಳಕೆ ಸಮರ್ಪಕ ಅಂತ ಬರೆದು ಸೈನ್ ಹಾಕಿದ್ದೀನಿ. ಏನಮ್ಮಾ ಅರ್ಥ ಆಯ್ತು ಅಂತ ಒಂದು ಮಗುವನ್ನೂ ನಾನು ಕೇಳಲಿಲ್ಲ.” ಆಮೇಲೆ ದಿಲ್ಲಿಯ ಮೇಡಂಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದರು, ಆ ಪದದ ಅರ್ಥವನ್ನೂ ಸೇರಿಸಿ. ಮೇಡಂ ಸೆರಗು ಬಾಯಿಗೆ ಅಡ್ಡ ಹಿಡಿದು ಬಹಳ ಹೊತ್ತು ನಕ್ಕರು. ನಕ್ಕು ಮುಗಿಸಿ, ಕನ್ನಡದ ಕ್ಯಾಸೆಟ್ಟನ್ನೇ ಮತ್ತೆ ಹಾಕಿ ಎಂದು ಕೈಸನ್ನೆ ಮಾಡಿದರು.

ಐದು ನಿಮಿಷ ಕೀರಾಟವಾಯಿತು. ಚಿಕ್ಕವೆಂಕಟಮ್ಮ ಕೆಟ್ಟ ಸಾಲನ್ನು ಹಾರಿಸಿ ಲೆಕ್ಕ ಮಾತ್ರ ಓದಿದಳು. ಎಪ್ಪತ್ತನಾಲ್ಕೇ ಸರಿ ಎಂಬ ನಂಬಿಕೆ ಅವಳಿಗೆ ಇನ್ನೂ ಇತ್ತು, ಅದನ್ನೇ ಒತ್ತಿದಳು. TAPPU. INNOMME MADU. ಓದಿದಳು. ತುಟಿ ಕಚ್ಚಿದಳು. ಈ ಸಲ ಕೈ ಗುಂಡಿಗಳ ಮೇಲಿಂದ ಹಿಂದಕ್ಕೆ ಬಂತು. ವೆಂಕಟೇಶಪ್ಪನ ಬಾಯಿಂದ ಉತ್ತರ ಹೊರಬೀಳುವುದರಲ್ಲಿತ್ತು, ಅವರು ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಹುಡುಗಿ ಬೆರಳು ಮಡಿಸಿ ಎಣಿಸಿದಳು, ಸೂರು ನೋಡಿದಳು, ಮತ್ತೆ ಎಣಿಸಿದಳು. ನಮ್ಮೆಲ್ಲರಿಗೂ ಅದು ಒಂದು ಯುಗದಷ್ಟು ಉದ್ದವಾಯಿತು. ಎಂಟು ಒತ್ತಿದಳು. ನಾಲ್ಕು ಒತ್ತಿದಳು. ರೈಲು ಹೊರಟಿತು.

ಮಾರ್ಚಿಯವರೆಗೆ ಮಿಷಿನ್ನು ಇಲ್ಲೇ ಇರಲಿ ಎಂದು ಜಯರಾಮಪ್ಪ ಹೊರಡುವಾಗ ಹೆಡ್ಮಾಸ್ಟರಿಗೆ ಹೇಳಿದರು. ಮಾರ್ಚಿಯಲ್ಲಿ ಮತ್ತೆ ಬರುತ್ತಾರಂತೆ, ಅಷ್ಟರಲ್ಲಿ ಪಾಠದ ಅಷ್ಟೂ ಸಾಲು ಕನ್ನಡವಾಗಿ, ಒಂದೊಂದನ್ನೂ ಮೊದಲು ಮಕ್ಕಳಿಂದ ಓದಿಸಿ ನೋಡಿರಬೇಕಂತೆ. ಕೀಲಿಕೈಯನ್ನು ವೆಂಕಟೇಶಪ್ಪನ ಕೈಗೆ ಕೊಡಿಸಿ ಹೋದರು.

ಸೋಮವಾರ ನಾನು ಆ ಕೊಠಡಿಗೆ ಹೋದಾಗ ವೆಂಕಟೇಶಪ್ಪ ನೆಲದ ಮೇಲೆ ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಹೊಸ ಸಾಲೊಂದನ್ನು ಬರೆದಿದ್ದರು.

“ಇದನ್ನ ಓದಿದ್ರೆ ನಿಮಗೆ ಏನು ಅಂತ ಅನ್ನಿಸ್ತದೆ? ನಂಗೆ ಗೊತ್ತಿಲ್ಲ. ನಿಜವಾಗ್ಲೂ ಗೊತ್ತಿಲ್ಲ ಕಣ್ರೋ.”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉತ್ತರ ಗೊತ್ತಿಲ್ಲದೆ ಪ್ರಶ್ನೆ ಕೇಳುವ ಮೇಷ್ಟ್ರನ್ನು ಅವರು ಅದುವರೆಗೆ ಕಂಡಿರಲಿಲ್ಲ. ಇದರಲ್ಲಿ ಏನೋ ಮೋಸವಿದೆ ಎಂದು ಬೆತ್ತ ಎಲ್ಲಿದೆಯೆಂದು ಹುಡುಕಿದರು. ಬೆತ್ತ ಇರಲಿಲ್ಲ. ವೆಂಕಟೇಶಪ್ಪ ಸುಮ್ಮನೆ ಕಾಯುತ್ತಾ ಕೂತಿದ್ದರು, ಬಾಯಿ ತೆರೆಯದೆ, ಬಹಳ ಕಷ್ಟಪಟ್ಟು. ಕೊನೆಗೆ ಮೂಲೆಯಿಂದ ಒಂದು ಕೈ ಮೇಲೆದ್ದಿತು, ಅದರ ಹಿಂದೆ ಇನ್ನೊಂದು. ನಾನೂ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಜಾಗ ಮಾಡಿಕೊಂಡು ಅವರ ಸಾಲಿನಲ್ಲಿ ಕೂತೆ.